ಹುಬ್ಬಳ್ಳಿಗೆ ಹೋಗದ ವ್ಯಾನು

ಪುಣೆಯ ಘೋರ್ಪಡಿ ರೈಲ್ವೆ ಯಾರ್ಡಿನ ಮೂಲೆಯಲ್ಲಿ ನಿಂತಿದ್ದ ಹಳೆಯ ಮರದ ವ್ಯಾನಿನ ಕೀಲಿಕೈ ಹದಿಮೂರು ವರ್ಷದಿಂದ ಪಾರವ್ವನ ಸೊಂಟದಲ್ಲೇ ಇತ್ತು. ಗಂಡ ಶಿವಪ್ಪ ಕಾಮಾಲೆಯಿಂದ ತೀರಿಕೊಂಡಾಗ ಅವನ ಜಾಗದಲ್ಲಿ ರೈಲ್ವೆಯವರು ಅವಳಿಗೆ ಖಲಾಸಿ ಕೆಲಸ ಕೊಟ್ಟಿದ್ದರು. ಖಲಾಸಿ ಅಂದರೆ ಎತ್ತು ಅಂದದ್ದನ್ನು ಎತ್ತುವುದು, ಒರೆಸು ಅಂದದ್ದನ್ನು ಒರೆಸುವುದು. ಆದರೆ ಅಲ್ಲಿಯವರೆಗೆ ಆ ಯಾರ್ಡಿನಲ್ಲಿ ಒಬ್ಬ ಹೆಣ್ಣುಮಗಳೂ ಕೆಲಸ ಮಾಡಿರಲಿಲ್ಲ. ಅವಳಿಗೆ ಏನು ಹೇಳಬೇಕೆಂದು ತೋಚದೆ ಯಾರ್ಡಿನ ಫೋರ್ಮನ್ ಅಪ್ಪಾಸಾಹೇಬ ಎರಡು ದಿನ ತಲೆ ಕೆರೆದುಕೊಂಡ. ಅವನು ನಿಪ್ಪಾಣಿ ಕಡೆಯವನು. ಮನೆಯಲ್ಲಿ ಮರಾಠಿ, ಬೇಕಾದಾಗ ಕನ್ನಡ. ಮೂರನೆಯ ದಿನ ಒಂದು ಕೀಲಿಕೈ ತಂದು ಅವಳ ಕೈಗಿಟ್ಟ.

"ಅಲ್ಲೆ ಹಳೇ ವ್ಯಾನ್ ಅದ ನೋಡು. ಅದರಾಗಿನ ಸಾಮಾನಿಗೆ ತುಕ್ಕು ಹಿಡೀಬಾರದು. ಎಣ್ಣಿ ಹಚ್ಚಿಕೋತ ಕೂಡು. ಮತ್ತ ಯಾರೂ ನಿನ್ನ ಏನೂ ಕೇಳಂಗಿಲ್ಲ."

ಅದು ಮೀಟರ್ ಗೇಜಿನ, ಅಂದರೆ ಸಣ್ಣ ಹಳಿಯ ವ್ಯಾನು. ನಾಲ್ಕೇ ಗಾಲಿ, ತೇಗದ ಮೈ, ಒಳಗೆ ಒಂದು ಪುಟ್ಟ ಕಾರ್ಖಾನೆ. ಎಲ್ಲಾದರೂ ರೈಲು ಹಳಿ ತಪ್ಪಿದರೆ ಹಿಂದೆಯೇ ಇದೂ ಓಡುತ್ತಿತ್ತು. ಮುರಿದದ್ದನ್ನು ಅಲ್ಲಿಯೇ ಕಾಸಿ, ಬಡಿದು, ಕೊರೆದು ಸರಿಮಾಡುವುದು ಅದರ ಕೆಲಸ. ಕಾಲಿನಿಂದ ತುಳಿದು ತಿರುಗಿಸುವ ಲೇತು, ಕುಲುಮೆ, ತಿದಿ, ಇಕ್ಕಳ ಕೂರಿಸಿದ ಮೂರು ಬೆಂಚು, ಸ್ಕ್ರೂ ಜ್ಯಾಕುಗಳು, ಗೋಡೆಯ ತುಂಬ ಸುತ್ತಿಗೆ ಪಾನಾಗಳು. 1971ರಲ್ಲಿ ಪುಣೆ–ಮೀರಜ ದಾರಿ ಬ್ರಾಡ್ ಗೇಜ್ ಆದಾಗ ಸಣ್ಣ ಹಳಿಯ ಗಾಡಿಗಳೆಲ್ಲ ದಕ್ಷಿಣಕ್ಕೆ ಹೋದವು. ಇದೊಂದು ಹೋಗಲಿಲ್ಲ. ಸುತ್ತಲಿನ ಹಳಿ ಕಿತ್ತು ಅಗಲವಾದದ್ದನ್ನು ಹಾಕಿದರು. ವ್ಯಾನಿನ ಕೆಳಗೆ ಮಾತ್ರ ಮೂವತ್ತು ಅಡಿ ಸಣ್ಣ ಹಳಿ ಉಳಿಯಿತು. ಎತ್ತ ಹೋಗಲೂ ದಾರಿಯಿಲ್ಲದೆ, ಒಂದು ಗಾಲಿಯ ಕಡೆ ಮರದ ದಿಮ್ಮಿಗೆ ಮೈ ಆನಿಸಿ ಅದು ಹಾಗೆಯೇ ನಿಂತುಬಿಟ್ಟಿತು.

ಮೊದಲ ವರ್ಷ ಪಾರವ್ವ ಹೇಳಿದಷ್ಟೇ ಮಾಡಿದಳು. ಎಣ್ಣೆ ಹಚ್ಚಿದಳು, ಒರೆಸಿದಳು, ಮತ್ತೆ ಹಚ್ಚಿದಳು. ಎರಡನೆಯ ವರ್ಷ ಬೇಸರ ಬಂತು. ಆಗ ಕಮ್ಮಾರ ಹುಸೇನಪ್ಪನಿಗೆ ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಅವನು ಒಂದು ಕಾಲದಲ್ಲಿ ಅದೇ ವ್ಯಾನಿನ ಜೊತೆ ಊರೂರು ತಿರುಗಿದವನು. ಮಧ್ಯಾಹ್ನ ಊಟಕ್ಕೆ ನೆರಳು ಹುಡುಕಿಕೊಂಡು ಅಲ್ಲಿಗೇ ಬರುತ್ತಿದ್ದ. "ಇದೇನ ಮಾಡ್ತದ್ರಿ ಕಾಕಾ?" ಎಂದು ಅವಳು ಒಂದೊಂದಾಗಿ ಕೇಳುತ್ತ ಹೋದಳು. ಅವನು ಬಾಯಲ್ಲಿ ಹೇಳುವ ಪೈಕಿಯಲ್ಲ. ರೊಟ್ಟಿ ಕೆಳಗಿಟ್ಟು, ಕೈ ಒರೆಸಿಕೊಂಡು, ಮಾಡಿ ತೋರಿಸುವವನು. ಅವನು ನಿವೃತ್ತನಾಗಿ ಖಡಕಿಯ ಮನೆ ಸೇರುವಷ್ಟರಲ್ಲಿ ಪಾರವ್ವನಿಗೆ ಕಬ್ಬಿಣದ ಬಣ್ಣ ನೋಡಿ ಅದರ ಕಾವು ಹೇಳುವುದು ಬರುತ್ತಿತ್ತು.

ಆಮೇಲೆ ರೈಲ್ವೆ ಕಾಲನಿಯ ಹೆಂಗಸರಿಗೆ ಒಂದು ಅನುಕೂಲವಾಯಿತು. ಹೊಲಿಗೆ ಮಷಿನ್ನಿನ ಪಿನ್ನು ಸವೆದರೆ, ಕುಕ್ಕರಿನ ಹಿಡಿ ಕಿತ್ತುಬಂದರೆ, ಕಪಾಟಿನ ಬಿಜಾಗರಿ ಮುರಿದರೆ ಅವರು ಪೇಟೆಗೆ ಹೋಗುತ್ತಿರಲಿಲ್ಲ. ಮಗಳು ರೇಣುವಿನ ಸೈಕಲ್ಲಿಗೆ ಪೆಡಲಿನ ಕಡ್ಡಿಯನ್ನು ಪಾರವ್ವ ತಾನೇ ಲೇತಿನಲ್ಲಿ ಕೊರೆದು ಹಾಕಿದ್ದಳು. ಅದೇ ಸೈಕಲ್ಲಿನಲ್ಲಿ ರೇಣು ಹೈಸ್ಕೂಲು ಮುಗಿಸಿದಳು.

1997ರ ಮಾರ್ಚಿನಲ್ಲಿ ಹೊಸ ಅಸಿಸ್ಟಂಟ್ ಇಂಜಿನಿಯರ್ ವಿಕ್ರಮ ಯಾರ್ಡಿಗೆ ಬಂದ. ಬೆಂಗಳೂರಿನವನು, ಇಪ್ಪತ್ತೇಳರ ಪ್ರಾಯ, ಕೈಯಲ್ಲಿ ಒಂದು ನಕ್ಷೆ. ಬೋಗಿ ತೊಳೆಯುವ ಹೊಸ ಲೈನು ಸರಿಯಾಗಿ ಆ ಮೂಲೆಯ ಮೇಲೆಯೇ ಹಾಯುವುದಿತ್ತು. ವ್ಯಾನಿನಲ್ಲಿ ಎಷ್ಟು ಮರ, ಎಷ್ಟು ಕಬ್ಬಿಣ ಸಿಕ್ಕೀತು ಎಂದು ಗುರುತು ಹಾಕಿಕೊಳ್ಳಲು ಅವನು ಬಂದಿದ್ದ. ಬಾಗಿಲ ಬಳಿ ಬಂದವನು ಹಾಗೆಯೇ ನಿಂತ. ಒಳಗೆ ಹೆಂಗಸೊಬ್ಬಳು ಸೆರಗು ಬಿಗಿದು, ಕಾಲಿಂದ ಲೇತು ತುಳಿಯುತ್ತಿದ್ದಳು. ಹಿತ್ತಾಳೆಯ ಸಿಪ್ಪೆ ಸುರುಳಿ ಸುರುಳಿಯಾಗಿ ಉದುರುತ್ತಿತ್ತು.

"ಬೂಟು ಕಳದು ಬರ್ರಿ," ಎಂದಳು ಪಾರವ್ವ, ಮುಖ ಎತ್ತದೆ. "ಸಾಗವಾನಿ ನೆಲ ಅದ."

ವಿಕ್ರಮ ಬೂಟು ಕಳಚಿ ಒಳಗೆ ಬಂದ. ಗೋಡೆಯ ಸುತ್ತಿಗೆಗಳನ್ನು ಒಂದೊಂದಾಗಿ ನೋಡಿದ. ಆಮೇಲೆ, "ಇದೆಲ್ಲ ಇನ್ನೂ ಕೆಲಸ ಮಾಡುತ್ತಾ?" ಎಂದು ಕೇಳಿದ.

"ಯಾಕ ಮಾಡಬಾರದ್ರಿ? ದಿನಾ ಎಣ್ಣಿ ಹಚ್ಚತೇನಿ." ಆಗ ಅವಳು ತಲೆಯೆತ್ತಿ ನೋಡಿದಳು. ಸಾಹೇಬನ ಕಿಸೆಯಲ್ಲಿ ಸೀಮೆಸುಣ್ಣ ಕಂಡಿತು. ಗುಜರಿಗೆ ಹೋಗುವ ಸಾಮಾನಿನ ಮೇಲೆ ಸೀಮೆಸುಣ್ಣದಿಂದಲೇ ಕಾಟು ಹಾಕುವುದು ಎಂದು ಅವಳಿಗೆ ಗೊತ್ತಿತ್ತು. "ಗುರುತ ಹಾಕೋದಕ್ಕ ಬಂದೀರೇನು?"

ಅವನಿಗೆ ಸುಳ್ಳು ಹೇಳುವುದಾಗಲಿಲ್ಲ. ಹೌದು ಎಂದ. ಪಾರವ್ವ ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ವ್ಯಾನಿನ ಒಳಗಿನದೆಲ್ಲವನ್ನೂ ಒಂದು ತುದಿಯಿಂದ ತೋರಿಸುತ್ತ ಬಂದಳು: ಇದು ಯಾವುದಕ್ಕೆ, ಇದನ್ನು ಹಿಡಿಯುವುದು ಹೇಗೆ, ಇದರ ಹಲ್ಲು ಯಾಕೆ ಹೀಗಿದೆ. ಮುಕ್ಕಾಲು ಗಂಟೆ ಕಳೆಯಿತು. ಇಂಜಿನಿಯರಿಂಗ್ ಓದುವಾಗ ಪುಸ್ತಕದಲ್ಲಿ ಚಿತ್ರ ನೋಡಿದ್ದ ಎಷ್ಟೋ ಸಲಕರಣೆಗಳನ್ನು ವಿಕ್ರಮ ಮೊದಲ ಸಲ ಕೈಯಲ್ಲಿ ಹಿಡಿದ. ಹೊರಗೆ ಬಂದು ಬೂಟಿನ ದಾರ ಕಟ್ಟುತ್ತ ಹೇಳಿದ:

"ನೋಡಿ ಪಾರವ್ವ, ಇದನ್ನ ಒಡೆಯೋಕೆ ನನಗೂ ಮನಸ್ಸಿಲ್ಲ. ಆದರೆ ಮೇ ಕೊನೇಲಿ ಈ ಜಾಗ ಖಾಲಿ ಆಗ್ಲೇಬೇಕು. ರೈಲ್ವೆ ಇನ್‌ಸ್ಟಿಟ್ಯೂಟ್ ಕ್ಲಬ್ ಮುಂದೆ ತೋಟದಲ್ಲಿ ಜಾಗ ಇದೆ, ಅಲ್ಲಿಡೋಕೆ ನಾನು ಒಪ್ಪಿಗೆ ತರಬಲ್ಲೆ. ಕ್ರೇನಲ್ಲಿ ಎತ್ತಿದ್ರೆ ಮಾತ್ರ ಈ ಮರದ ನಡು ಮುರಿದುಹೋಗುತ್ತೆ."

"ತನ್ನ ಕಾಲ ಮ್ಯಾಲೆ ತಾನ ನಡದು ಹೋದ್ರ?"

"ಒಂದು ಕಾಲೇ ಇಲ್ವಲ್ಲ," ಎಂದ ವಿಕ್ರಮ, ದಿಮ್ಮಿ ಕೊಟ್ಟಿದ್ದ ಮೂಲೆಯನ್ನು ತೋರಿಸಿ. ಅಲ್ಲಿ ಗಾಲಿ ಇತ್ತು. ಅಚ್ಚಿನ ತುದಿಯ ಮೇಲೆ ಕೂತು ಇಡೀ ಭಾರ ಹೊರುವ ಹಿತ್ತಾಳೆಯ ಬೇರಿಂಗು ಇರಲಿಲ್ಲ. "ಇನ್ನೊಂದು ವಿಷಯ. ಉಳಿಸಬೇಕು ಅಂದ್ರೆ ಇದರ ಚರಿತ್ರೆ ಬರೆದು ಕಳಿಸಬೇಕು. ಎಲ್ಲಿ ಕಟ್ಟಿದ್ದು, ಯಾವಾಗ, ಎಲ್ಲೆಲ್ಲಿ ಕೆಲಸ ಮಾಡಿದೆ, ಪುಣೇಲಿ ಯಾಕೆ ಉಳೀತು."

ಮೊದಲಿನ ಉತ್ತರಗಳು ವ್ಯಾನಿನ ಮೈಮೇಲೆಯೇ ಇದ್ದವು. ಪಾರವ್ವ ಎರಡು ದಿನ ಕೂತು ಒಂದರ ಮೇಲೊಂದು ಬಳಿದ ಬಣ್ಣಗಳನ್ನು ಕೆರೆದಳು. ಕೆಂಪು, ಅದರ ಕೆಳಗೆ ಬೂದು, ಅದರ ಕೆಳಗೆ ಇನ್ನೊಂದು ಕೆಂಪು. ಎಲ್ಲಕ್ಕೂ ಕೆಳಗೆ ಹಳದಿ ಅಕ್ಷರದಲ್ಲಿ ನಂಬರು, 1926 ಎಂಬ ಇಸವಿ, ಹುಬ್ಬಳ್ಳಿ ವರ್ಕ್‌ಶಾಪಿನ ಹೆಸರು. ಬಾಗಿಲ ಹಿಂಬದಿಯಲ್ಲಿ ಹಿಂದಿನವರು ಉಳಿಯಿಂದ ಕೊರೆದಿಟ್ಟ ಊರುಗಳಿದ್ದವು: ಲೋಂಡಾ, ಘಟಪ್ರಭಾ, ಕೊರೇಗಾಂವ, ನೀರಾ. ಆದರೆ ಪುಣೆಯಲ್ಲಿ ಯಾಕೆ ಉಳಿಯಿತು ಎಂಬುದು ಯಾರ್ಡಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. "ಹುಸೇನಪ್ಪ ಕಾಕಾನ್ನ ಕೇಳಬೇಕು," ಎಂದು ಪಾರವ್ವ ಭಾನುವಾರ ಲೋಕಲ್ ಹತ್ತಿದಳು.

ಖಡಕಿಯಲ್ಲಿ ಹುಸೇನಪ್ಪನದು ಎರಡು ಕೋಣೆಯ ಮನೆ. ಹೆಂಡತಿ ಅಂಬಾ ಅಲ್ಲಿನ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸ ಮಾಡಿ ನಿವೃತ್ತಳಾಗಿದ್ದಳು. ಪಾರವ್ವನನ್ನು ಕಂಡು ಇಬ್ಬರಿಗೂ ಸಂತೋಷವಾಯಿತು. ಆದರೆ ವ್ಯಾನಿನ ಮಾತೆತ್ತಿದೊಡನೆ ಹುಸೇನಪ್ಪ ಕಿಟಕಿಯ ಕಡೆ ತಿರುಗಿದ.

"ಭಾಳ ಹಿಂದಿನ ಮಾತು. ನನಗೇನ ನೆನಪದ," ಎಂದ.

ಅವನ ನೆನಪು ಎಂಥದೆಂದು ಪಾರವ್ವನಿಗೆ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ಘಟಪ್ರಭಾದಲ್ಲಿ ಉಂಡ ಸಾರಿನ ರುಚಿ ಹೇಳುವ ಮನುಷ್ಯ ಅವನು. ಅಂಬಾ ಊಟಕ್ಕೆ ಬಡಿಸಿದಳು. "ಲಿಂಬೀಕಾಯಿ ಉಪ್ಪಿನಕಾಯಿ ತಗೀತೇನಿ, ತಡಿ," ಎಂದು ಮೂಲೆಯ ಭರಣಿಯ ಹತ್ತಿರ ಹೋದಳು. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಹಲಗೆ ಮುಚ್ಚಿ, ಬೆಕ್ಕು ಬೀಳಿಸದಂತೆ ಮೇಲೆ ಭಾರ ಇಟ್ಟಿದ್ದರು. ಆ ಭಾರವನ್ನು ಅಂಬಾ ಎರಡೂ ಕೈಯಿಂದ ಎತ್ತಿ ಕೆಳಗಿಟ್ಟಳು.

ಪಾರವ್ವನ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ಅರ್ಧಚಂದ್ರದಂತೆ ಬಾಗಿದ ಹಿತ್ತಾಳೆ, ಒಳಮೈ ಕನ್ನಡಿಯ ಹಾಗೆ ನುಣುಪು. ಇಂಥವೇ ಮೂರಕ್ಕೆ ಅವಳು ಹದಿಮೂರು ವರ್ಷ ಎಣ್ಣೆ ಹಾಕಿದ್ದಳು. ಎದ್ದು ಹೋಗಿ ಅದನ್ನು ಮಗುಚಿ ನೋಡಿದಳು. ಬೆನ್ನ ಮೇಲೆ ವ್ಯಾನಿನದೇ ನಂಬರು ಒತ್ತಿತ್ತು.

ಪಾರವ್ವ ಅದನ್ನು ಎತ್ತಿ ಹಿಡಿದಳು. ಹುಸೇನಪ್ಪನ ಕಡೆ ನೋಡಿದಳು, ಅಷ್ಟೆ. ಅವನು ತಾಟು ಸರಿಸಿ ಕೈ ತೊಳೆದುಕೊಂಡ.

"ನಲವತ್ತು ದಾಟಿದ ಮ್ಯಾಲೆ ಲಗ್ನ ಆದವ ನಾನು," ಎಂದು ಶುರುಮಾಡಿದ. "ಅಲ್ಲೀ ತನಕಾ ಊರೂರು ತಿರುಗೋ ಕಮ್ಮಾರಗ ಯಾರೂ ಹೆಣ್ಣ ಕೊಡಲಿಲ್ಲ. ಈಕೀನ ಮಾಡಿಕೊಂಡು ಮೂರ ತಿಂಗಳಾಗಿತ್ತು. ಈಕಿಗೆ ಇಲ್ಲೆ ಫ್ಯಾಕ್ಟರಿಯಾಗ ನೌಕರಿ ಸಿಕ್ಕಿತ್ತು. ಅಷ್ಟರಾಗ ಹುಕುಂ ಬಂತು, ವ್ಯಾನು ಮತ್ತ ಅದರ ಮಂದಿ ಎಲ್ಲಾ ಹುಬ್ಬಳ್ಳಿಗೆ ಅಂತ. ಮರುದಿನಾ ಕಡೇ ಗಾಡಿ. ಬೇರಿಂಗ್ ಬಿಸಿ ಆಗಲಿಕತ್ತದ, ತಗದು ನೋಡಬೇಕು ಅಂತ ಹೇಳಿ ತಗದೆ. ರೊಟ್ಟಿ ಕಟ್ಟೋ ಅರಿವ್ಯಾಗ ಕಟ್ಟಿಕೊಂಡು ಮನೀಗೆ ತಂದೆ. ವ್ಯಾನ್ ತಡಾ ಆದ್ರ ನಾನೂ ತಡಾ ಆಗ್ತೇನಿ, ನಾಕ ದಿನದಾಗ ಬದ್ಲಿ ರದ್ದ ಮಾಡಿಸಿಕೊಂಡು ವಾಪಸ್ ಇಡೋಣು ಅಂತ. ಬದ್ಲಿ ರದ್ದಾತು. ಆದರ ಆ ನಾಕ ದಿನದಾಗ ಹಳೀನ ಕಿತ್ತಿದ್ರು."

ಅಂಬಾ ಉಪ್ಪಿನಕಾಯಿ ಸೌಟು ಹಿಡಿದವಳು ಹಿಡಿದಂತೆಯೇ ನಿಂತಿದ್ದಳು. "ನನಗ ಹೇಳಿದ್ದು ಏನು? ಜೂನಾ ಬಜಾರದಾಗ ಸಸ್ತಾ ಸಿಕ್ಕಿತು ಅಂತ."

"ಹೌದು."

"ಇಪ್ಪತ್ತಾರು ವರ್ಷ?"

"ಹೇಳಬೇಕಂತ ಮಾಡಿದ್ದೆ. ದಿನಾ ಉಪ್ಪಿನಕಾಯಿ ರುಚಿ ಹತ್ತತಿತ್ತು, ಸುಮ್ಮನಾಗತಿದ್ದೆ."

ಅಂಬಾ ನಗತೊಡಗಿದಳು. ನಕ್ಕು ನಕ್ಕು ಗೋಡೆಗೆ ಒರಗಿ ಕೂತಳು. ಕಣ್ಣು ಒರೆಸಿಕೊಂಡು ಪಾರವ್ವನಿಗೆ ಹೇಳಿದಳು: "ಲಗ್ನದಾಗ ಒಂದು ಗುಂಜಿ ಬಂಗಾರ ಹಾಕಲಿಲ್ಲ ಅಂತ ಇವರ ಮ್ಯಾಲೆ ನನಗ ಸಿಟ್ಟಿತ್ತು. ನನ್ನ ಸಲುವಾಗಿ ರೈಲ್ವೇನ ನಿಲ್ಲಿಸ್ಯಾರ ನೋಡವಾ."

ಆದರೆ ಹುಸೇನಪ್ಪ ನಗಲಿಲ್ಲ. ಪೆನ್ಷನ್ ನಿಂತರೆ ಎಂಬ ದಿಗಿಲು ಅವನಿಗೆ. ಮರುದಿನ ಬೇರಿಂಗನ್ನು ಅದೇ ರೀತಿ ಅರಿವೆಯಲ್ಲಿ ಕಟ್ಟಿಕೊಂಡು ತಾನೇ ಘೋರ್ಪಡಿಗೆ ಬಂದ. ವಿಕ್ರಮನ ಮೇಜಿನ ಮೇಲಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದ. ವಿಕ್ರಮ ಬಹಳ ಹೊತ್ತು ಹಿತ್ತಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂಸಿ ನೋಡಿದ, ಸಣ್ಣಗೆ ಇಂಗಿನ ವಾಸನೆ ಬಂತು. ಆಮೇಲೆ ಪೆನ್ನು ತೆಗೆದು, ವ್ಯಾನಿನ ಚರಿತ್ರೆಯ ಕಾಗದದಲ್ಲಿ ಖಾಲಿ ಉಳಿದಿದ್ದ ಅಂಕಣದಲ್ಲಿ ಬರೆದ: ಹೊರಡುವ ದಿನ ಒಂದು ಬೇರಿಂಗು ಕೈಗೆ ಸಿಗದ ಕಾರಣ ವ್ಯಾನು ಪುಣೆಯಲ್ಲಿ ಉಳಿಯಿತು.

"ಸುಳ್ಳೇನೂ ಇಲ್ಲವಲ್ಲ?" ಎಂದು ಕೇಳಿದ.

"ಇಲ್ಲ್ರಿ," ಎಂದ ಹುಸೇನಪ್ಪ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತು ಎರಡು ಲೋಟ ನೀರು ಕುಡಿದ.

ಒಪ್ಪಿಗೆ ಏಪ್ರಿಲ್ ಮುಗಿಯುವುದರೊಳಗೆ ಬಂತು. ಮೂಲೆಯನ್ನು ವ್ಯಾನಿನದೇ ಸ್ಕ್ರೂ ಜ್ಯಾಕಿನಿಂದ ಎತ್ತಿ, ದಿಮ್ಮಿ ಎಳೆದುಹಾಕಿ, ಪಾರವ್ವ ಬೇರಿಂಗು ಕೂರಿಸಿದಳು. ಇನ್ನು ದಾರಿ ಬೇಕಾಗಿತ್ತು. ಅಲ್ಲಿಂದ ಇನ್‌ಸ್ಟಿಟ್ಯೂಟಿಗೆ ಇನ್ನೂರು ಹೆಜ್ಜೆ. ವ್ಯಾನಿನ ಕೆಳಗಿನದು ಒಂದು ಜೊತೆ ಹಳಿ. ಹಿಂದೆ ಬೇಲಿಗೆ ಹಾಕಿದ್ದ ಸಣ್ಣ ಹಳಿ ಕಿತ್ತದ್ದು ಇನ್ನು ನಾಲ್ಕು ಜೊತೆ. ಮುಂದೆ ಹಾಸುವುದು, ವ್ಯಾನನ್ನು ತಳ್ಳುವುದು, ದಾಟಿದ ಮೇಲೆ ಹಿಂದಿನದನ್ನು ಕಿತ್ತು ಮತ್ತೆ ಮುಂದೆ ತರುವುದು. ಹಳಿ ರಿಪೇರಿಯ ಗ್ಯಾಂಗಿನವರು ರಜೆಯ ದಿನ ಬರಲು ಒಪ್ಪಿದರು. ಎಲ್ಲ ಸರಿಯಾಯಿತು ಎನ್ನುವಾಗ ಅಪ್ಪಾಸಾಹೇಬ ಅಡ್ಡ ನಿಂತ.

ದಾರಿ ಅವನ ಕ್ಯಾಬಿನ್ ಪಕ್ಕದ ಬದನೆಕಾಯಿ ಮಡಿಯ ಮೇಲೆ ಹಾಯುತ್ತಿತ್ತು. ಕೃಷ್ಣಾ ತೀರದ ಬೀಜ ತರಿಸಿ, ಇಂಜಿನ್ನಿನ ಬೂದಿ ಹಾಕಿ, ಹನ್ನೊಂದು ವರ್ಷದಿಂದ ಬೆಳೆಸಿದ ಮಡಿ. ವಿಕ್ರಮ ತಿಳಿಹೇಳಿದ. ಅಪ್ಪಾಸಾಹೇಬ ಕೇಳಲಿಲ್ಲ.

"ಸಾಹೇಬ, ವ್ಯಾನಿಗೆ ಎಪ್ಪತ್ತು ವರ್ಷ ಆಗ್ಯಾವ ಅಂತೀರಿ. ಈ ವಾಂಗಿ ಗಿಡ ಈಗ ಹೂ ಬಿಟ್ಟಾವ. ತುಳೀರಿ ಅಂತ ಹ್ಯಾಂಗ ಹೇಳ್ಲಿ?"

ಅವನ ಮಾತೂ ಪಾರವ್ವನಿಗೆ ನ್ಯಾಯವೆನಿಸಿತು. "ಬಳಸಿ ಹೋಗೂಣ್ರಿ," ಎಂದಳು. ವಿಕ್ರಮ ಹುಬ್ಬೇರಿಸಿದ, ಬಳಸಿ ಹೋಗಲು ಹಳಿ ಬಗ್ಗಬೇಕು. ಪಾರವ್ವ ವ್ಯಾನಿನೊಳಗೆ ಹೋಗಿ, ಬೆಂಚಿನ ಅಡಿಯಿಂದ ಒಂದು ಭಾರಿ ಕಬ್ಬಿಣದ ಸಲಕರಣೆಯನ್ನು ಎಳೆದು ತಂದಳು. ಎರಡು ಕೊಕ್ಕೆ, ನಡುವೆ ದಪ್ಪ ಸ್ಕ್ರೂ. ಗ್ಯಾಂಗಿನ ಹಳಬರು ಅದಕ್ಕೆ ಬಿಲ್ಲು ಅನ್ನುತ್ತಿದ್ದರು. ಕೊಕ್ಕೆಗಳಲ್ಲಿ ಹಳಿ ಸಿಗಿಸಿ ಸ್ಕ್ರೂ ತಿರುಗಿಸಿದರೆ ಹಳಿ ಬೆರಳಷ್ಟು ಬೆರಳಷ್ಟೇ ಬಾಗುತ್ತದೆ. ಪಾರವ್ವ ನೆಲದಲ್ಲಿ ಗೂಟ ನೆಟ್ಟು, ದಾರ ಹಿಡಿದು, ಬದನೆ ಮಡಿಯಿಂದ ಎರಡು ಗೇಣು ದೂರಕ್ಕೆ ಸುಣ್ಣದಲ್ಲಿ ಕಮಾನು ಎಳೆದಳು. ಹುಸೇನಪ್ಪ ಬೋರಲು ಹಾಕಿದ ಬಕೀಟಿನ ಮೇಲೆ ಕೂತು, "ಇನ್ನೊಂದು ಅರ್ಧಾ ಸುತ್ತು. ಸಾಕು. ಸಾಕಂದೆ," ಎನ್ನುತ್ತಿದ್ದ. ನಾಲ್ಕು ಹಳಿ ಬಗ್ಗಿಸಲು ಎರಡು ಭಾನುವಾರ ಹಿಡಿಯಿತು. ಎರಡನೆಯ ಭಾನುವಾರ ಸಂಜೆ ಅಪ್ಪಾಸಾಹೇಬ ಟೇಪು ತಂದು ಅಳೆದು ನೋಡಿದ. ಆಮೇಲೆ ಅಂಗಿ ಕಳಚಿ ಗೂಟಕ್ಕೆ ತೂಗುಹಾಕಿ, ಸ್ಕ್ರೂವಿನ ಹಿಡಿಗೆ ಕೈ ಹಚ್ಚಿದ.

ಮೇ ತಿಂಗಳ ಕೊನೆಯ ಭಾನುವಾರ ಇಡೀ ಕಾಲನಿ ಬಂದು ನಿಂತಿತು. ಕುಕ್ಕರಿನ ಹಿಡಿ ಹಾಕಿಸಿಕೊಂಡವರು, ಹೊಲಿಗೆ ಮಷಿನ್ನಿನವರು, ಅವರ ಗಂಡಂದಿರು, ಇನ್‌ಸ್ಟಿಟ್ಯೂಟಿನಲ್ಲಿ ಕೇರಂ ಆಡುತ್ತಿದ್ದವರು, ಎಲ್ಲರೂ. ವ್ಯಾನಿನ ಹ್ಯಾಂಡ್ ಬ್ರೇಕು ಒಳಗಿತ್ತು. ಹಿರಿಯನೆಂದು ಹುಸೇನಪ್ಪನನ್ನು ಒಳಗೆ ಕೂರಿಸಿ ಬ್ರೇಕು ನೋಡಿಕೊಳ್ಳಲು ಹೇಳಿದರು. ಬದನೆ ಮಡಿಯ ಪಕ್ಕದ ಕಮಾನಿನಲ್ಲಿ ವ್ಯಾನು ಕಿರುಗುಟ್ಟುತ್ತ ಬಾಗಿ ಹೊರಳಿತು. ಒಂದು ಎಲೆಯೂ ಅಲುಗಲಿಲ್ಲ. ಮಂದಿ ಚಪ್ಪಾಳೆ ತಟ್ಟಿದರು.

ಕೊನೆಯ ಮೂವತ್ತು ಅಡಿ ಸ್ವಲ್ಪ ಇಳಿಜಾರು ಎಂಬುದನ್ನು ಯಾರೂ ಗಮನಿಸಿರಲಿಲ್ಲ. ತಳ್ಳುತ್ತಿದ್ದವರ ಕೈಯಿಂದ ವ್ಯಾನು ಮೆಲ್ಲಗೆ ಕಳಚಿಕೊಂಡಿತು. ಮೊದಲು ಎಲ್ಲರೂ ನಕ್ಕರು. ಆಮೇಲೆ ಅದು ವೇಗ ಹಿಡಿಯಿತು. ಮುಂದೆ ಹಳಿ ಮುಗಿಯುವಲ್ಲಿ ಇನ್‌ಸ್ಟಿಟ್ಯೂಟಿನ ಮೆಟ್ಟಿಲು.

"ಕಾಕಾ, ಬ್ರೇಕು," ಎಂದು ಪಾರವ್ವ ಕೂಗಿದಳು.

ಹುಸೇನಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಅಂಬಾಳಿಗೆ ಕೈ ಬೀಸುತ್ತಿದ್ದ. ಅವನಿಗೆ ಕೇಳಿಸಲಿಲ್ಲ. ಪಾರವ್ವ ಸೀರೆ ಎತ್ತಿ ಸಿಗಿಸಿ ಓಡಿದಳು. ಫುಟ್‌ಬೋರ್ಡಿಗೆ ಹಾರಿ, ಬಾಗಿಲಲ್ಲಿ ನುಗ್ಗಿ, ಬ್ರೇಕಿನ ಚಕ್ರ ಹಿಡಿದು ತಿರುವಿದಳು. ಹದಿಮೂರು ವರ್ಷ ಎಣ್ಣೆ ಕುಡಿದ ಚಕ್ರ ಬೆಣ್ಣೆಯ ಹಾಗೆ ತಿರುಗಿತು. ಗಾಲಿಗಳು ಕಿರುಚಿದವು. ಹಳಿ ಇನ್ನು ಒಂದು ಗೇಣು ಉಳಿದಿದೆ ಎನ್ನುವಾಗ ವ್ಯಾನು ನಿಂತಿತು.

"ಏನಾತು?" ಎಂದು ಹುಸೇನಪ್ಪ ತಿರುಗಿ ನೋಡಿದ.

"ಏನಿಲ್ಲ್ರಿ ಕಾಕಾ. ಬಂದ್ವಿ," ಎಂದಳು ಪಾರವ್ವ. ಬ್ರೇಕಿನ ಚಕ್ರವನ್ನು ಇನ್ನೊಂದು ಸುತ್ತು ಬಿಗಿದಳು.

ಹತ್ತು ದಿನಕ್ಕೆ ಮಳೆ ಹಿಡಿಯಿತು. ಅಷ್ಟರಲ್ಲಿ ವ್ಯಾನಿನ ಮೇಲೆ ತಗಡಿನ ಚಪ್ಪರ ಎದ್ದಿತ್ತು. ಭಾನುವಾರ ಬೆಳಿಗ್ಗೆ ಬಾಗಿಲು ತೆರೆದಿಡುವ ರೂಢಿ ಬಂತು. ಹುಸೇನಪ್ಪ ಖಡಕಿಯಿಂದ ಬಂದು ಕುಲುಮೆ ಹೊತ್ತಿಸುತ್ತಿದ್ದ. ನೋಡಲು ಬಂದವರು ತಿದಿ ಒತ್ತಿ, ತಮ್ಮ ಕೈಯಾರೆ ಒಂದೊಂದು ಮೊಳೆ ಬಡಿದು ಮಾಡಿ, ಬಿಸಿ ಆರುವ ಮೊದಲೇ ಕಿಸೆಗೆ ಹಾಕಿಕೊಂಡು ಬೆರಳು ಊದಿಕೊಳ್ಳುತ್ತ ಹೋಗುತ್ತಿದ್ದರು. ಹಡಪ್ಸರದಿಂದ, ಪಿಂಪ್ರಿಯಿಂದ ಫ್ಯಾಕ್ಟರಿ ಕೆಲಸಗಾರರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರತೊಡಗಿದರು. ತಾವು ದಿನವಿಡೀ ಏನು ಮಾಡುತ್ತೇವೆಂಬುದನ್ನು ಮನೆಯವರಿಗೆ ತೋರಿಸಲು ಅವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ವಿಕ್ರಮ ವರ್ಗವಾಗಿ ಹೋಗುವ ಮುಂಚೆ ಒಂದು ಅರ್ಜಿ ಬರೆದು ಪಾರವ್ವನ ಮುಂದಿಟ್ಟ. ಖಲಾಸಿಗಳು ಫಿಟ್ಟರ್ ಆಗಲು ಬರೆಯುವ ಪರೀಕ್ಷೆಯ ಅರ್ಜಿ ಅದು.

"ನನಗೇನ ಓದಲಿಕ್ಕೆ ಬರೆಯಲಿಕ್ಕೆ ಭಾಳ ಬರೂದಿಲ್ಲ್ರಿ," ಎಂದಳು.

"ಕೈಯಿಂದ ಮಾಡಿ ತೋರಿಸೋದೇ ಜಾಸ್ತಿ. ಸಹಿ ಮಾಡಿ."

ಅಷ್ಟು ಹೊತ್ತಿಗೆ ಪಿಂಪ್ರಿಯಲ್ಲಿ ಐಟಿಐ ಸೇರಿದ್ದ ರೇಣು ಎರಡು ವರ್ಷ ಬಿಡದೆ ಬೆನ್ನು ಹತ್ತಿ ತಾಯಿಗೆ ನಕ್ಷೆ ಓದುವುದನ್ನು ಕಲಿಸಿದಳು. 1999ರ ಜುಲೈಯಲ್ಲಿ ಪರೀಕ್ಷೆ. ಒರಟು ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ ನಾಲ್ಕೂ ಮೂಲೆ ಸಮ ಮಾಡಬೇಕು. ಉಳಿದವರು ನಾಲ್ಕು ಗಂಟೆ ತೆಗೆದುಕೊಂಡರು. ಪಾರವ್ವ ಎರಡೂವರೆ ಗಂಟೆಗೆ ಕೆಳಗಿಟ್ಟಳು. ಪರೀಕ್ಷಕರು ಮೂಲೆಮಟ್ಟ ಹಚ್ಚಿ ಬೆಳಕಿಗೆ ಹಿಡಿದರು. ಎಲ್ಲಿಯೂ ಬೆಳಕು ಸೋರಲಿಲ್ಲ. ಯಾವ ವರ್ಕ್‌ಶಾಪಿನಲ್ಲಿ ಕಲಿತಿರಿ ಎಂದು ಅವರು ಮರಾಠಿಯಲ್ಲಿ ಕೇಳಿದರು. "ಊಟದ ಸುಟ್ಟೀತ ಶಿಕಲೆ," ಎಂದು ಪಾರವ್ವ, ಊಟದ ಬಿಡುವಿನಲ್ಲಿ ಕಲಿತದ್ದೆಂದು, ತನ್ನ ಅರೆ ಮರಾಠಿಯಲ್ಲೇ ಉತ್ತರಿಸಿದಳು. ಅವರು ಹೆಸರಿನ ಮುಂದೆ ಪಾಸು ಎಂದು ಬರೆದರು.

ಅವಳನ್ನು, ರೈಲು ಹಳಿ ತಪ್ಪಿದಲ್ಲಿಗೆ ಓಡುವ ಅಪಘಾತ ಪರಿಹಾರ ಗಾಡಿಯ ಗುಂಪಿಗೆ ಹಾಕಿದರು. ಆಗಸ್ಟಿನ ಒಂದು ಮಧ್ಯಾಹ್ನ ಪಾರವ್ವ ಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿರುವಾಗ ಸೈರನ್ ಕೂಗಿತು. ದೇಹೂ ರೋಡ್ ಸೈಡಿಂಗಿನಲ್ಲಿ ಖಾಲಿ ವ್ಯಾಗನ್ ಒಂದರ ಎರಡು ಗಾಲಿ ಹಳಿಯಿಂದ ಕೆಳಗಿಳಿದಿದ್ದವು, ಯಾರಿಗೂ ಪೆಟ್ಟಾಗಿರಲಿಲ್ಲ. ಅವಳು ಹಿಟ್ಟಿನ ಕೈಯಲ್ಲೇ ಎದ್ದಳು. ರೇಣು ನೀರು ಹಾಕಿ ತೊಳೆಸಿ, ಬೆಳಗಿನ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು.

ಗಾಡಿ ಹೊರಟಾಗ ಯಾರ್ಡು ದಾಟುವವರೆಗೆ ಅಪ್ಪಾಸಾಹೇಬ ಪಕ್ಕದಲ್ಲಿ ನಡೆಯುತ್ತ ಹತ್ತು ಬುದ್ಧಿಮಾತು ಹೇಳಿದ. ಪಾರವ್ವ ಎಲ್ಲದಕ್ಕೂ ಹೂಂ ಅಂದಳು. ದೇಹೂ ರೋಡಿನಲ್ಲಿ ಸೋನೆ ಹಿಡಿದಿತ್ತು. ಜ್ಯಾಕು ಎಲ್ಲಿ ಕೊಡಬೇಕೆಂದು ಗುಂಪಿನವರು ವಾದಿಸುತ್ತಿರುವಾಗ ಅವಳು ವ್ಯಾಗನ್ನಿನ ಕೆಳಗೆ ತೂರಿ, ಕೆಸರಿನಲ್ಲಿ ಅಂಗಾತ ಮಲಗಿ ನೋಡಿದಳು.

"ಈ ಕಡೆ ಕೊಡ್ರಿ," ಎಂದಳು ಒಳಗಿನಿಂದ. "ಇಲ್ಲೆ ನೆಲಾ ಗಟ್ಟಿ ಅದ."

ಅವರು ಜ್ಯಾಕನ್ನು ಆ ಕಡೆ ಕೊಟ್ಟರು. ಐದು ಗಂಟೆಗೆ ವ್ಯಾಗನ್ ಹಳಿಯ ಮೇಲಿತ್ತು. ಮಳೆ ನಿಂತ ಮೇಲೆ ಎಲ್ಲರೂ ಗಾಡಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತು ಡಬ್ಬಿ ಬಿಚ್ಚಿದರು. ಪಾರವ್ವ ಕೈಯ ಗ್ರೀಸನ್ನು ಸೀಮೆಎಣ್ಣೆಯಿಂದ ಒರೆಸಿ, ನೀರಲ್ಲಿ ತೊಳೆದು, ರೊಟ್ಟಿ ಮುರಿದು ಅಕ್ಕಪಕ್ಕದವರಿಗೂ ಕೊಟ್ಟಳು.